ಬಾಮೈದನ ಆಂಪು, ತಮ್ಮನ ಆಂಪು

ಗಿಟಾರಿನ ಸದ್ದು ದೊಡ್ಡದು ಮಾಡುವ ನಮ್ಮ ಮನೆಯ ಹಳೇ ಆಂಪು ಒಂದು ಭಾನುವಾರ ಬೆಳಿಗ್ಗೆ, ನಾನು ನುಡಿಸುತ್ತಿರುವಾಗಲೇ, ಹೊಗೆ ಬಿಟ್ಟು ಸತ್ತಿತು. ಒಳಗಿನಿಂದ ಓಡಿ ಬಂದ ಹೆಂಡತಿ ಮೊದಲು ಸ್ವಿಚ್ ಆರಿಸಿದಳು, ಆಮೇಲೆ ಕಿಟಕಿ ತೆಗೆದಳು, ಆಮೇಲೆ "ಪಾಪ" ಅಂದಳು. ಆ ಪಾಪ ನನಗೋ ಆಂಪಿಗೋ ಅಂತ ನಾನು ಕೇಳಲು ಹೋಗಲಿಲ್ಲ.

ಪಿರಿಯಾಪಟ್ಟಣದಲ್ಲಿ ನಮ್ಮದು ಬೀಜ, ಗೊಬ್ಬರದ ಅಂಗಡಿ. ಮೈಸೂರಿನಲ್ಲಿ ಓದುವಾಗ ಅಂಟಿಕೊಂಡ ಗಿಟಾರಿನ ಹುಚ್ಚು ಐವತ್ತು ದಾಟಿದರೂ ಬಿಟ್ಟಿರಲಿಲ್ಲ. ಈ ಸಲ ತಗೊಂಡರೆ ವಾಲ್ವ್ ಆಂಪನ್ನೇ ತಗೊಳ್ಳಬೇಕು ಅಂತ ತೀರ್ಮಾನಿಸಿದೆ. ಹಳೇ ಕಾಲದ ರೇಡಿಯೋದೊಳಗೆ ಗಾಜಿನ ವಾಲ್ವುಗಳಿರುತ್ತಿದ್ದವಲ್ಲ, ಅಂಥವೇ ಇದರಲ್ಲೂ ಇರುತ್ತವೆ. ಅವು ಬಿಸಿಯಾಗಿ ಕೆಂಪಗೆ ಹೊಳೆದ ಮೇಲೇ ಸದ್ದು ಬರುವುದು. ಆ ಸದ್ದಿಗೆ ಮರುಳಾದವರು ಕಂಪನಿ ಮಾಲನ್ನು ಮೂಸಿಯೂ ನೋಡುವುದಿಲ್ಲ. ಕೈಯಲ್ಲೇ ಒಂದೊಂದಾಗಿ ಬೆಸುಗೆ ಹಾಕಿ ಮಾಡುವವರನ್ನು ಹುಡುಕಿಕೊಂಡು ಹೋಗುತ್ತಾರೆ. ನನ್ನ ಗ್ರಹಚಾರಕ್ಕೆ ಅಂಥವರಿಬ್ಬರು ನಮ್ಮ ನೆಂಟರಲ್ಲೇ ಇದ್ದರು.

ಒಬ್ಬ ನನ್ನ ಬಾಮೈದ, ಹೆಂಡತಿಯ ತಮ್ಮ. ಕೆ.ಆರ್. ನಗರದಲ್ಲಿ ಪಂಪ್‌ಸೆಟ್ ಮೋಟಾರುಗಳಿಗೆ ತಂತಿ ಸುತ್ತುವ ಅಂಗಡಿ ಇಟ್ಟುಕೊಂಡಿದ್ದಾನೆ. ಇನ್ನೊಬ್ಬ ನನ್ನ ಚಿಕ್ಕಪ್ಪನ ಮಗ, ನನಗೆ ತಮ್ಮನಾಗಬೇಕು. ಹುಣಸೂರಿನವನು, ಕಾಲೇಜಿನಲ್ಲಿ ಎಲೆಕ್ಟ್ರಾನಿಕ್ಸ್ ಮೇಷ್ಟ್ರು. ಇಬ್ಬರೂ ನಮ್ಮ ಮದುವೆಯಲ್ಲಿ ಪರಿಚಯವಾಗಿ, ಮುಂದೆ ಒಟ್ಟಿಗೆ ಆಂಪು ಮಾಡಲು ಹೊರಟವರು. ಸದ್ದು ಜೇನುತುಪ್ಪದಂತಿರಬೇಕು ಅಂತ ತಮ್ಮ, ಮೆಣಸಿನಕಾಯಿಯಂತಿರಬೇಕು ಅಂತ ಬಾಮೈದ. ಅದೇ ಜಗಳವಾಗಿ ಬೇರೆಬೇರೆಯಾದರು, ಮಾತೂ ಬಿಟ್ಟರು. ಈಗ ಬೆಂಗಳೂರಿನ ವಾದಕರು ಇಬ್ಬರ ಆಂಪಿಗೂ ತಿಂಗಳುಗಟ್ಟಲೆ ಕಾಯುತ್ತಾರೆ.

ನೆಂಟರ ಮನೆಯ ನಾಮಕರಣದಲ್ಲಿ ಊಟಕ್ಕೆ ಕೂತಾಗ, ನಾನು ಬಾಯಿ ತಪ್ಪಿ, "ಒಂದು ವಾಲ್ವ್ ಆಂಪು ನೋಡಬೇಕು" ಅಂದುಬಿಟ್ಟೆ. ಆ ಸಾಲಿನ ಒಂದು ತುದಿಯಲ್ಲಿ ಬಾಮೈದ, ಇನ್ನೊಂದು ತುದಿಯಲ್ಲಿ ತಮ್ಮ.

"ನಾನಿರೋವಾಗ ಬೇರೆ ಕಡೆ ಯಾಕ್ ನೋಡ್ತೀರಾ ಭಾವ?" ಅಂದ ಬಾಮೈದ.

"ಅಣ್ಣಾ, ಮನೆಯವನು ನಾನಿದ್ದೀನಿ, ಮರೀಬೇಡ" ಅಂದ ತಮ್ಮ.

ನಾನು ಎಲೆಯ ಮೇಲಿದ್ದ ಒಬ್ಬಟ್ಟಿಗೆ ಇನ್ನಷ್ಟು ತುಪ್ಪ ಹಾಕಿಸಿಕೊಂಡೆ.

ಅದೇ ವಾರ ಎರಡೂ ಆಂಪುಗಳು ಮನೆಗೆ ಬಂದವು. ತಮ್ಮ ತನ್ನದನ್ನು ಕಾರಿನ ಮುಂದಿನ ಸೀಟಿನಲ್ಲಿ ಕೂರಿಸಿ ಬೆಲ್ಟು ಕಟ್ಟಿಕೊಂಡು ಬಂದಿದ್ದ. ಹುಣಸೂರಿನ ಬಡಗಿಯ ಹತ್ತಿರ ಮಾಡಿಸಿದ ತೇಗದ ಪೆಟ್ಟಿಗೆ, ಮುಖ ಕಾಣುವಂಥ ಪಾಲಿಶ್. ಬಾಮೈದ ತನ್ನ ಹಲಸಿನ ಹಲಗೆಯ ಪೆಟ್ಟಿಗೆಯನ್ನು ಬಸ್ಸಿನಲ್ಲೇ ತಂದ. ಕೆಳಗಿಟ್ಟರೆ ಒಳಗಿನ ಗಾಜು ಅಲುಗಾಡುತ್ತೆ ಅಂತ ಅದಕ್ಕೊಂದು ಟಿಕೆಟ್ಟು ತೆಗೆಸಿ ಸೀಟಿನ ಮೇಲೆ ಇಟ್ಟಿದ್ದನಂತೆ. ಹುಣಸೂರಿನಲ್ಲಿ ಬಸ್ಸು ತುಂಬಿದಾಗ ವಯಸ್ಸಾದ ಹೆಂಗಸೊಬ್ಬಳು ಬಂದು ನಿಂತಳಂತೆ. ಆಕೆಗೆ ತನ್ನ ಸೀಟು ಬಿಟ್ಟುಕೊಟ್ಟು ಉಳಿದ ದಾರಿಯುದ್ದಕ್ಕೂ ಇವನು ನಿಂತು ಬಂದ. ಆಂಪು ಕೂತೇ ಬಂತು.

ಹಾಲಿನಲ್ಲಿ ಟಿವಿಯ ಆಚೆಗೊಂದು ಈಚೆಗೊಂದು ದ್ವಾರಪಾಲಕರಂತೆ ಇಟ್ಟೆ. ನಮ್ಮ ಅವ್ವ ಹಿಂದಿನಿಂದ ಬಗ್ಗಿ ನೋಡಿ, "ಇದೇನ್ಲಾ ಮಗ, ಒಳಗೆ ದೀಪ ಅಚ್ಚವ್ರೆ!" ಅಂತ ಎರಡಕ್ಕೂ ಕೈ ಮುಗಿದಳು. ಪುಷ್ಯದ ಚಳಿ. ಬಾಮೈದನ ಆಂಪು ತಂಬಾಕಿನ ಎಲೆ ಬೇಯಿಸುವ ಬ್ಯಾರನ್ನಿನ ಹಾಗೆ ಬಿಸಿಯೇರುತ್ತಿತ್ತು. ಅವ್ವ ಅದರ ಬೆನ್ನಿಗೆ ಕುರ್ಚಿ ಎಳೆದುಕೊಂಡು ಮಂಡಿ ಒಡ್ಡಿ ಕೂತಳು. "ನಂಗೆ ಇದೇ ಇರ್ಲಿ ಬುಡು. ಮಂಡಿ ನೋವ್ಗೆ ಸುಖವಾಯ್ತದೆ."

ನನಗೆ ಅಷ್ಟು ಸುಲಭವಿರಲಿಲ್ಲ. ತಮ್ಮನದರಲ್ಲಿ ಒಂದೊಂದು ತಂತಿಯ ಸ್ವರವೂ ತೊಳೆದಿಟ್ಟ ಹಾಗೆ ಕೇಳುತ್ತಿತ್ತು. ಜೊತೆಗೆ ನನ್ನ ಒಂದೊಂದು ತಪ್ಪೂ ಕೇಳುತ್ತಿತ್ತು. ಬಾಮೈದನದು ಮೆಲ್ಲಗೆ ಮೀಟಿದರೆ ಗುಣುಗುಣು ಅನ್ನುತ್ತಿತ್ತು, ಜೋರಾಗಿ ಮೀಟಿದರೆ ರೇಗುತ್ತಿತ್ತು. ಆ ರೇಗಾಟದಲ್ಲಿ ನನ್ನ ತಪ್ಪುಗಳೆಲ್ಲ ಮುಚ್ಚಿಹೋಗುತ್ತಿದ್ದವು. ಇಬ್ಬರೂ ದಿನಾ ಫೋನ್ ಮಾಡಿ ವಿಚಾರಿಸುವರು. ಇಬ್ಬರಿಗೂ "ಬಹಳ ಚೆನ್ನಾಗಿದೆ" ಅನ್ನುತ್ತಿದ್ದೆ. ಹೆಂಡತಿಯನ್ನು ಕೇಳಿದರೆ, "ನಿಮ್ಮ ಕಿವಿಗೆ ಯಾವುದು ಒಪ್ಪುತ್ತೋ ಅದನ್ನೇ ಇಟ್ಕೊಳ್ಳಿ. ನನ್ನ ತಮ್ಮ ಅಂತ ನೋಡ್ಬೇಡಿ" ಅನ್ನುವಳು. ಮದುವೆಯಾದ ಯಾವ ಗಂಡಸಿಗೂ ಈ ಮಾತಿನ ಅರ್ಥ ಬಿಡಿಸಿ ಹೇಳಬೇಕಾಗಿಲ್ಲ.

ಕೊನೆಗೆ ಒಂದು ಉಪಾಯ ಹೂಡಿದೆ. ಇಬ್ಬರನ್ನೂ ಒಂದೇ ಭಾನುವಾರ ಕರೆಸಿ, ಹಾಲಿಗೆ ಅಡ್ಡಲಾಗಿ ಹಗ್ಗ ಕಟ್ಟಿ ಬೆಡ್‌ಶೀಟ್ ಇಳಿಬಿಟ್ಟೆ. ಆಂಪುಗಳೂ ಹೆಂಡತಿಯೂ ಅದರ ಹಿಂದೆ. ಈಚೆ ನಾನು ನುಡಿಸುವುದು, ಆಚೆ ಅವಳು ಗಿಟಾರಿನ ವೈರನ್ನು ಮೊದಲು ಒಂದಕ್ಕೆ, ಆಮೇಲೆ ಇನ್ನೊಂದಕ್ಕೆ ಸಿಕ್ಕಿಸುವುದು. ಯಾವುದು ಯಾರದು ಅಂತ ಗೊತ್ತಿಲ್ಲದೆ ಮೂವರೂ ಕೇಳಿ ಹೇಳಬೇಕು. ಪಕ್ಕದ ಮನೆಯಲ್ಲಿ ಕೂಸು ಮಲಗಿತ್ತು ಅಂತ ಸದ್ದು ಸಣ್ಣಗೆ ಇಟ್ಟೆವು.

ಒಂದು ಸಲ ನುಡಿಸಿದೆ. "ಬದಲಾಯಿಸಿದೆ" ಅಂದಳು ಹೆಂಡತಿ. ಅದನ್ನೇ ಇನ್ನೊಂದು ಸಲ ನುಡಿಸಿದೆ.

ಬಾಮೈದ ಕಣ್ಣು ಬಿಟ್ಟು, "ಮೊದಲ್ನೇದು ನಂದು ಭಾವ. ಅದ್ರಲ್ಲಿ ಉಸಿರಿದೆ. ಎರಡನೇದು ಪಾಠ ಒಪ್ಪಿಸ್ದಂಗೆ ಕೇಳುತ್ತೆ" ಅಂದ.

"ಅವ್ನು ಹೇಳಿದ್ದು ಸರಿ ಅಣ್ಣಾ. ಎರಡನೇದೇ ನಂದು. ಎಷ್ಟು ಶುದ್ಧವಾಗಿದೆ ನೋಡು! ಮೊದಲ್ನೇದು ಕೆಟ್ಟ ಪಂಪ್‌ಸೆಟ್ಟು" ಅಂದ ತಮ್ಮ.

ನನಗೂ ಎರಡಕ್ಕೂ ಅಜಗಜಾಂತರ ಕಂಡಿತ್ತು. ತಲೆಯಾಡಿಸಿದೆ.

ಹೆಂಡತಿ ವೈರನ್ನು ಕೈಯಲ್ಲಿ ಸುತ್ತಿಕೊಂಡು ಬೆಡ್‌ಶೀಟ್ ಸರಿಸಿ ಬಂದಳು. "ನಾನು ಬದಲಾಯಿಸ್ಲೇ ಇಲ್ಲ. ಎರಡು ಸಲಾನೂ ಒಂದೇ ಆಂಪು."

ಅವ್ವ ಒಬ್ಬಳೇ ನಕ್ಕಿದ್ದು.

"ಅಕ್ಕ, ಯಾವುದು ಅದು?" ಅಂತ ಬಾಮೈದ.

"ಹೇಳಿ ಅತ್ತಿಗೆ, ಯಾವುದು?" ಅಂತ ತಮ್ಮ.

"ಹೇಳಲ್ಲ. ಹೇಳಿದ್ರೆ ನಿಮ್ಮಲ್ಲೊಬ್ಬರು ಊಟ ಮಾಡದೆ ಎದ್ದು ಹೋಗ್ತೀರಿ. ಬೆಳಿಗ್ಗೆಯಿಂದ ಕೂತು ಅವರೆಕಾಳು ಹಿತುಕಿದ್ದೀನಿ, ಮೊದಲು ಕೈ ತೊಳೀರಿ."

ಇಬ್ಬರೂ ಹಿತ್ಕಿದವರೆ ಸಾರಿಗೆ ಮುದ್ದೆ ಮುರಿಯುತ್ತಾ ಕೂತರು. ಎರಡನೇ ಮುದ್ದೆಗೆ ಬಾಮೈದ ತಲೆಯೆತ್ತಿ, ಎಷ್ಟೋ ವರ್ಷಗಳ ಮೇಲೆ ಮೊದಲ ಸಲ ನೇರವಾಗಿ ತಮ್ಮನನ್ನೇ ಕೇಳಿದ: "ತಪ್ಪು ಗಿಟಾರಿನದು ಇರಬಹುದಾ?"

"ಗಿಟಾರು ಪರವಾಗಿಲ್ಲ," ಅಂದ ತಮ್ಮ ಯೋಚಿಸಿ, "ಬೆರಳೇ ಸರಿಯಿಲ್ಲ."

"ನಾನೂ ಅದನ್ನೇ ಅನ್ಕೊಂಡೆ."

ಹೀಗೆ ನನ್ನ ಮನೆಯಲ್ಲಿ, ನನ್ನ ಸಾರು ಸುರಿದುಕೊಂಡು, ಅವರಿಬ್ಬರೂ ಒಂದಾದರು. ಊಟವಾದ ಮೇಲೆ ಆಂಪುಗಳ ಬೆನ್ನು ಬಿಚ್ಚಿ ಟ್ರಾನ್ಸ್‌ಫಾರ್ಮರ್ ತೋರಿಸುತ್ತಾ ನೆಲದ ಮೇಲೆ ಕೂತರು. ನಾನು ಹತ್ತಿರ ಹೋದರೆ, "ಕರೆಂಟ್ ಇರುತ್ತೆ, ದೂರ ಇರಿ" ಅಂದರು.

ಹೊರಡುವ ಹೊತ್ತಿಗೆ ನಾನು ಗಟ್ಟಿ ಮನಸ್ಸು ಮಾಡಿದೆ. "ಬಾಮೈದನದನ್ನೇ ಇಟ್ಕೋತೀನಿ ಕಣೋ. ಜೋರಾಗಿ ಮೀಟಿದ್ರೆ ಅದು ತಿರುಗಿ ಮಾತಾಡುತ್ತೆ. ನಂಗೆ ಅದು ಇಷ್ಟ" ಅಂದೆ. ಹೆಂಡತಿ ಒಳಗೆ ಹೋಗಿ ಎಲ್ಲರಿಗೂ ಕಾಫಿ ತಂದಳು. ನನ್ನ ಲೋಟದಲ್ಲಿ ಸಕ್ಕರೆ ಜಾಸ್ತಿಯಿತ್ತು. ತಮ್ಮ "ಸರಿ ಬಿಡಣ್ಣ" ಅಂದು ತೇಗದ ಪೆಟ್ಟಿಗೆಯನ್ನು ಎತ್ತಿಕೊಂಡು ಹೋದ. ಕಾರಿನಲ್ಲಿ ಅದಕ್ಕೆ ಬೆಲ್ಟು ಕಟ್ಟುವಾಗ ನನ್ನ ಕಡೆ ನೋಡಲಿಲ್ಲ.

ಯುಗಾದಿಗೆ ತಮ್ಮ ಮತ್ತೆ ಬಂದ. ಬೇವು ಬೆಲ್ಲ ತಿಂದವನೇ ಬಾಮೈದನ ಆಂಪಿನ ಮುಂದೆ ಕೂತು, ನನ್ನ ಗಿಟಾರ್ ಎತ್ತಿಕೊಂಡು, ಒಂದೇ ತಂತಿಯನ್ನು ಜೋರಾಗಿ ಮೀಟಿ ಅದು ಅಡಗುವ ತನಕ ಕೇಳಿದ. ಇನ್ನೊಂದು ಸಲ ಮೀಟಿದ. ಕೊನೆಗೆ ನೆಲ ನೋಡುತ್ತಾ, "ಅಣ್ಣಾ, ಇದನ್ನೊಂದು ವಾರ ಕೊಡ್ತೀಯಾ? ಟ್ರಾನ್ಸ್‌ಫಾರ್ಮರ್ ಹೆಂಗೆ ಸುತ್ತವ್ನೆ ಅಂತ ನೋಡ್ಬೇಕು. ಅಲ್ಲೀತನಕ ನಂದನ್ನ ಬಿಟ್ಟುಹೋಗ್ತೀನಿ" ಅಂದ. ತೇಗದ ಪೆಟ್ಟಿಗೆ ಕಾರಿನಲ್ಲೇ ಇತ್ತು.

ವಾರ ಕಳೆಯಿತು, ಮುಂಗಾರೂ ಬಂತು. ಆಂಪು ಬರಲಿಲ್ಲ. ಬಾಮೈದನಿಗೆ ಫೋನ್ ಮಾಡಿ ಕೇಳಿದರೆ, ತಮ್ಮ ಅದನ್ನು ಕೆ.ಆರ್. ನಗರಕ್ಕೆ ತಗೊಂಡು ಹೋಗಿದ್ದಾನಂತೆ. ಇಬ್ಬರೂ ಸೇರಿ ಪೂರಾ ಬಿಚ್ಚಿದ್ದಾರಂತೆ. "ಇನ್ನೂ ಚೆನ್ನಾಗಿ ಮಾಡಿಕೊಡ್ತೀವಿ ಭಾವ, ಅವಸರ ಮಾಡ್ಬೇಡಿ" ಅಂದ ಬಾಮೈದ. ಹಿಂದಿನಿಂದ ತಮ್ಮ ನಗುವುದು ಕೇಳಿಸಿತು.

ಹೀಗಾಗಿ ನಾನು ಆರಿಸಿಕೊಳ್ಳದ ಆಂಪಿನಲ್ಲೇ ನುಡಿಸುತ್ತಿದ್ದೇನೆ. ಅದು ಏನನ್ನೂ ಮುಚ್ಚುವುದಿಲ್ಲ. ನನ್ನ ತಪ್ಪು ನನಗೇ ಕೇಳಿ ನಾಚಿಕೆಯಾಗಿ, ದಿನಾ ಬೆಳಿಗ್ಗೆ ಅಂಗಡಿ ಬಾಗಿಲು ತೆಗೆಯುವ ಮುಂಚೆ ಕಲಿಯುವವನ ಹಾಗೆ ಕೂತು ಒಂದೊಂದೇ ಸ್ವರ ತಿದ್ದಿಕೊಳ್ಳತೊಡಗಿದೆ. ಮೊನ್ನೆ ಪಕ್ಕದ ಮನೆಯಾಕೆ ಕಾಂಪೌಂಡಿನಾಚೆಯಿಂದ ಹೆಂಡತಿಯನ್ನು ಕೇಳಿದರಂತೆ, "ನಿಮ್ಮನೇಗೆ ಯಾರವ್ವ ಬಂದಿರೋರು, ಇಷ್ಟ್ ಚೆಂದಾಗಿ ಬಾರಿಸ್ತಾರೆ?"

"ನಮ್ಮನೆಯವ್ರೇ ಕಣಕ್ಕ" ಅಂದಳಂತೆ ಇವಳು.

"ಓಗವ್ವ, ಸುಳ್ಳೇಳ್ಬೇಡ" ಅಂದು ಆಕೆ ಒಳಗೆ ಹೋದರಂತೆ.