ಸೀಟಿನ ಹಿಂದೆ ಏನಿದೆ?

ಜನವರಿಯ ಒಂದು ಮಂಗಳವಾರ, ಬೆಳಗಿನ ಆರೂವರೆ. ಮಾಂಟಾನಾದ ನಮ್ಮ ಈ ಮೂಲೆಯಲ್ಲಿ ಆಕಾಶ ಇನ್ನೂ ಬೂದಿ ಬಣ್ಣಕ್ಕೂ ಬಂದಿಲ್ಲ. ವೆಂಡೆಲ್ ಸ್ಕಾರ್‌ನ ಕುರಿದೊಡ್ಡಿಯ ದಾರಿ ಹೆದ್ದಾರಿಗೆ ಸೇರುವ ಗೇಟಿನ ಬಳಿ ನಾನು ಕಾಲು ಕುಟ್ಟುತ್ತ ನಿಂತಿದ್ದೇನೆ. ಮಸುಕು ಹಸಿರು ಬಣ್ಣದ ಹಳೆಯ ಸುಬಾರು ಕಾರೊಂದು ಬಂದು ನಿಲ್ಲುತ್ತದೆ. ಒಳಗೆ ರೋವೀನಾ ಪಿಕೆಟ್ ಗಾಜಿನ ಒಳಮೈಗೆ ಕಟ್ಟಿದ ಹಿಮವನ್ನು ಗ್ರಂಥಾಲಯದ ಹಳೆಯ ಕಾರ್ಡಿನಿಂದ ಕೆರೆಯುತ್ತಿದ್ದಾರೆ. ಸೀಟುಗಳ ನಡುವೆ ಕಾಫಿಯ ದೊಡ್ಡ ಥರ್ಮಾಸು.

"ಬಾಗ್ಲು ಜೋರಾಗಿ ಎಳ್ಕೊಳ್ಳಿ ಲೈಲ್," ಎನ್ನುತ್ತಾರೆ. "ಇಲ್ದಿದ್ರೆ ದಾರೀಲಿ ಅದಾಗೇ ತೆಕ್ಕೊಳ್ಳತ್ತೆ."

ರೋವೀನಾಗೆ ಐವತ್ತೆಂಟು. ಮೂರು ಕೌಂಟಿಗಳಿಗೆ ಇರುವ ಒಬ್ಬರೇ ಮನಶ್ಶಾಸ್ತ್ರಜ್ಞೆ. ನಮ್ಮ ಡ್ರೈ ಫೋರ್ಕ್‌ನವರ ಬಾಯಲ್ಲಿ 'ತಲೆ ಡಾಕ್ಟ್ರಮ್ಮ'. ಮಂಗಳವಾರ ಬಂತೆಂದರೆ ಎಂಬತ್ತೆಂಟು ಮೈಲಿ ಗಾಡಿ ಓಡಿಸಿಕೊಂಡು ಕೋಲ್ ಬ್ಯಾಂಕ್ಸ್‌ಗೆ ಹೋಗಿ, ಏಳು ಜನರನ್ನು ಕೂರಿಸಿಕೊಂಡು ಮಾತಾಡಿಸಿ, ಮತ್ತೆ ಎಂಬತ್ತೆಂಟು ಮೈಲಿ ವಾಪಸು ಬರುತ್ತಾರೆ. ಇಪ್ಪತ್ತೆರಡು ವರ್ಷದಿಂದ ಇದೇ ಪಾಡು. ಇಷ್ಟು ವರ್ಷದಲ್ಲಿ, ನಾನು ಬರೆಯುವ ಊರಿನ ವಾರಪತ್ರಿಕೆಯಲ್ಲಿ ಅವರ ಹೆಸರು ಬಂದದ್ದು ಒಂದೇ ಸಲ, ಅದೂ ಕುಂಬಳಕಾಯಿ ಸ್ಪರ್ಧೆಯಲ್ಲಿ ಮೂರನೇ ಬಹುಮಾನ ಬಂದಾಗ.

ನಾನು ಅವರನ್ನು ಹೊಗಳಲೆಂದು ಈ ಕಾರು ಹತ್ತಿದವನಲ್ಲ. ಅದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ನನ್ನ ತಲೆಯಲ್ಲಿ ಗುಮಾನಿಯ ಹುಳ ಹೊಕ್ಕು ಮೂರು ವಾರವಾಗಿತ್ತು.

ನನ್ನ ಗೆಳೆಯ ವೆಂಡೆಲ್‌ನ ಹೆಂಡತಿ ಮಾವಿಸ್ ಅಕ್ಟೋಬರಿನಲ್ಲಿ ತೀರಿಕೊಂಡಳು. ಅಂದಿನಿಂದ ವೆಂಡೆಲ್ ಅಡುಗೆಮನೆಯ ಮೇಜಿನ ಮುಂದೆ ಕೂತವನು ಕೂತೇ ಇದ್ದಾನೆ. ಗಡ್ಡ ಬೋಳಿಸುವುದಿಲ್ಲ, ಚರ್ಚಿಗೆ ಬರುವುದಿಲ್ಲ, ಟೀವಿಯನ್ನು ಸದ್ದು ಆರಿಸಿ ಹಚ್ಚಿಟ್ಟಿರುತ್ತಾನೆ. ನವೆಂಬರಿನಿಂದ ಅವನ ಕುರಿಗಳಿಗೆ ದಿನಾ ಬೆಳಿಗ್ಗೆ ಮೇವು ಹಾಕುತ್ತಿರುವವನು ನಾನೇ. ಅವನು ಈ ಚಳಿಗಾಲ ದಾಟುತ್ತಾನೋ ಇಲ್ಲವೋ ಎಂಬುದನ್ನು ಊರಿನಲ್ಲಿ ಯಾರೂ ಬಾಯಿಬಿಟ್ಟು ಆಡುವುದಿಲ್ಲ. ನನಗಂತೂ ಪ್ರತಿದಿನ ಅವನ ಮನೆಯ ಬಾಗಿಲು ತಳ್ಳುವಾಗ ಭಯವಾಗುತ್ತಿತ್ತು.

ಹೊಸ ವರ್ಷ ಹತ್ತಿರ ಬಂದಾಗ ಒಂದು ಮಧ್ಯಾಹ್ನ ವೆಂಡೆಲ್‌ನ ಭಾವಮೈದುನ ಆರು ಬಂದೂಕುಗಳನ್ನು ಹೊತ್ತು ಆರಿನ್ ಟ್ವೀಟ್‌ನ ಬಂದೂಕಿನ ಅಂಗಡಿಗೆ ಹೋದ. ಎದುರಿನ ಕೆಫೆಯಲ್ಲಿ ಕೂತಿದ್ದ ನಾವೆಲ್ಲ ನೋಡಿದೆವು. ಆರರಲ್ಲಿ ಎರಡು ವೆಂಡೆಲ್‌ನ ಅಜ್ಜನ ಕಾಲದವು.

"ತಲೆ ಡಾಕ್ಟ್ರಮ್ಮನ ಕೆಲ್ಸ," ಎಂದ ಕೆಫೆಯಲ್ಲಿ ಒಬ್ಬ. "ಯಾರ್ ಮನೇಲಿ ಎಷ್ಟಿದೆ ಅಂತ ಪಟ್ಟಿ ಮಾಡ್ಕೊತಾಳಂತೆ. ಇವತ್ತು ಅವಳು ಕೇಳ್ತಾಳೆ, ನಾಳೆ ಸರ್ಕಾರದೋರು ಬಾಗ್ಲು ತಟ್ತಾರೆ."

ನಾನು ನೇರವಾಗಿ ಆರಿನ್ ಬಳಿ ಹೋಗಿ ವೆಂಡೆಲ್‌ನ ಬಂದೂಕುಗಳು ಇಲ್ಲೇಕೆ ಎಂದು ಕೇಳಿದೆ.

"ಕ್ಲೀನ್ ಮಾಡಕ್ ಬಂದಿದಾವೆ," ಎಂದ ತಲೆ ಎತ್ತದೆ.

"ಆರೂ ಒಟ್ಟಿಗೇನಾ? ಬೇಟೆ ಕಾಲ ಮುಗಿದ್ ಮೇಲೆ?"

"ಬಾಳ ಕೊಳೆ ಆಗಿದಾವೆ."

ಆರಿನ್‌ಗೆ ಸುಳ್ಳು ಹೇಳಲು ಬರುವುದಿಲ್ಲ. ಕಿವಿ ಕೆಂಪಾಗಿತ್ತು. ಅವನ ಹಿಂದಿನ ಗೋಡೆಯ ಕಬ್ಬಿಣದ ಕಪಾಟಿನಲ್ಲಿ ಇಪ್ಪತ್ತಕ್ಕೂ ಹೆಚ್ಚು ಬಂದೂಕುಗಳು ಸಾಲಾಗಿ ನಿಂತಿದ್ದವು. ಎಲ್ಲಕ್ಕೂ ಚೀಟಿ ಕಟ್ಟಿತ್ತು, ಚೀಟಿಯಲ್ಲಿ ಹೆಸರಿಲ್ಲ, ಬರೀ ಸಂಖ್ಯೆ. ಇಷ್ಟು ಕೊಳಕು ಜನ ನಮ್ಮ ಊರಿನಲ್ಲಿ ಇದ್ದಾರೆಂದು ನನಗೆ ಗೊತ್ತಿರಲಿಲ್ಲ. ಆ ಸಂಜೆಯೇ ರೋವೀನಾಗೆ ಫೋನ್ ಮಾಡಿ, ನಿಮ್ಮ ಮೇಲೆ ಲೇಖನ ಬರೆಯಬೇಕು, ಒಂದು ದಿನ ಜೊತೆಗೆ ಬರುತ್ತೇನೆ ಎಂದೆ. ಕೂಡಲೇ ಒಪ್ಪಿದರು. ಅಷ್ಟು ಬೇಗ ಒಪ್ಪಿದ್ದೂ ನನಗೆ ಅನುಮಾನವೇ.

"ವೆಂಡೆಲ್ ನಿಮ್ ಹತ್ರ ಬರ್ತಾನಾ?" ಕಾರು ಹೊರಟ ಕೂಡಲೇ ಕೇಳುತ್ತೇನೆ.

"ಯಾವ ವೆಂಡೆಲ್?"

"ಈಗ ಯಾರ ಗೇಟಿನ ಮುಂದೆ ನನ್ನ ಹತ್ತಿಸ್ಕೊಂಡ್ರೋ ಆ ವೆಂಡೆಲ್."

"ಕಾಫಿ ಹಾಕ್ಕೊಳ್ಳಿ, ಬಿಸಿ ಇದೆ," ಎನ್ನುತ್ತಾರೆ.

ಹೀಗೆ ಶುರುವಾಗುತ್ತದೆ ನಮ್ಮ ಮಾತುಕತೆ. ಯಾರು ಬರುತ್ತಾರೆ, ಯಾರು ಬರುವುದಿಲ್ಲ ಎಂಬುದರ ಸುತ್ತ ಎಷ್ಟು ಮೂಗು ತೂರಿಸಿದರೂ ಬಾಯಿ ಬಿಡುವುದಿಲ್ಲ. ಕಿರಾಣಿ ಅಂಗಡಿಯಲ್ಲಿ ತಮ್ಮ ಬಳಿ ಬರುವವರು ಎದುರಾದರೆ ತಾವಾಗಿ ನಮಸ್ಕಾರವನ್ನೂ ಹೇಳುವುದಿಲ್ಲವಂತೆ. ಅವರೇ ಮಾತಾಡಿಸಿದರೆ ಮಾತು. ಇಲ್ಲದಿದ್ದರೆ ಆಲೂಗಡ್ಡೆ ಆರಿಸುತ್ತ ನಿಲ್ಲುತ್ತಾರೆ. ಊರಿನವರು ಇದನ್ನು ಸೊಕ್ಕು ಅಂದುಕೊಂಡಿದ್ದಾರೆ. ನಾನೂ ಅಂದುಕೊಂಡಿದ್ದೆ.

ಕೋಲ್ ಬ್ಯಾಂಕ್ಸ್‌ನಲ್ಲಿ ಅವರ ಕೋಣೆ ಇರುವುದು ಆಸ್ಪತ್ರೆಯಲ್ಲಲ್ಲ, ದನಕುರಿಗಳ ಮೇವಿನ ಅಂಗಡಿಯ ಮೇಲೆ. ಅದಕ್ಕೂ ಕಾರಣ ಕೇಳುತ್ತೇನೆ.

"ಆಸ್ಪತ್ರೆ ಮುಂದೆ ಒಬ್ಬನ ಪಿಕಪ್ ನಿಂತ್ರೆ ಮಧ್ಯಾಹ್ನದೊಳ್ಗೆ ಊರಿಗೆಲ್ಲ ಸುದ್ದಿ. ಮೇವಿನಂಗಡಿ ಮುಂದೆ ನಿಂತ್ರೆ ಯಾರು ಕೇಳ್ತಾರೆ? ಇಳ್ದು ಹೋಗುವಾಗ ಒಂದು ಚೀಲ ಏನಾದ್ರೂ ತಗೊಂಡ್ ಹೋಗ್ತಾರೆ ಪಾಪ. ಬೆಕ್ಕೇ ಇಲ್ದೋರು ಬೆಕ್ಕಿನ ಊಟ ಹೊತ್ಕೊಂಡ್ ಹೋಗಿದ್ದು ನೋಡಿದೀನಿ."

ನನಗೆ ನಗು ಬರುತ್ತದೆ, ಆದರೆ ಪಟ್ಟಿಯ ವಿಷಯ ಮರೆತಿಲ್ಲ. ಜನರನ್ನು ಬಂದೂಕಿನ ಬಗ್ಗೆ ಕೇಳುತ್ತೀರೋ ಇಲ್ಲವೋ ಎನ್ನುತ್ತೇನೆ.

"ಕೇಳ್ತೀನಿ. ಎಲ್ರನ್ನೂ ಕೇಳ್ತೀನಿ. ನಿದ್ದೆ ಬರತ್ತಾ, ಊಟ ಸೇರತ್ತಾ ಅಂತ ಕೇಳಲ್ವಾ? ಹಾಗೇ."

"ಬರ್ಕೊತೀರಾ?"

ಅವರು ಹಿಂದಿನ ಸೀಟಿನತ್ತ ಬೆರಳು ತೋರಿಸುತ್ತಾರೆ. ಖಾಲಿ ನಮೂನೆಗಳ ಕಟ್ಟು ಇದೆ, ಕಾರಿನ ಒಳದೀಪ ಹಚ್ಚಿ ತಿರುವಿ ನೋಡುತ್ತೇನೆ. ಎಷ್ಟು ಬಂದೂಕು, ಯಾವ ಕಂಪನಿ, ಯಾವ ಸಂಖ್ಯೆ, ಯಾವುದಕ್ಕೂ ಜಾಗವಿಲ್ಲ. ಇರುವುದು ಎರಡೇ ಸಾಲು: 'ಮಾತಾಡಿ ಒಂದು ಏರ್ಪಾಡು ಮಾಡಿಕೊಂಡಿದ್ದೇವೆಯೇ?', 'ಬೀಗದ ಕೈ ನಂಬಿಕಸ್ತರ ಬಳಿ ಇದೆಯೇ?' ಕಟ್ಟಿನ ಕೊನೆಯ ಹಾಳೆಯವರೆಗೂ ನೋಡಿದೆ, ಮಧ್ಯೆ ಬೇರೇನಾದರೂ ಸೇರಿಸಿಟ್ಟಿದ್ದಾರೋ ಎಂದು.

"ಬಂದೂಕ ಕಿತ್ಕೊಳ್ಳೋ ಅಧಿಕಾರ ನಂಗಿಲ್ಲ, ಆಸೇನೂ ಇಲ್ಲ," ಎನ್ನುತ್ತಾರೆ. "ಪ್ರತಿ ನವೆಂಬರ್ ನಾನೂ ಎಲ್ಕ್ ಜಿಂಕೆ ಹೊಡೀತೀನಿ. ನಾನ್ ಹೇಳೋದಿಷ್ಟೇ. ಕೆಟ್ಟ ಗಳಿಗೆ ಬರತ್ತೆ, ಹೋಗತ್ತೆ. ಅದು ಹೋಗೋವರ್ಗೂ ಕೈಗೂ ಅದಕ್ಕೂ ನಡುವೆ ಸ್ವಲ್ಪ ದೂರ ಇರ್ಲಿ. ಸುಮ್ನೆ ಒಂದು ಬೀಗ, ಒಂದು ರಸ್ತೆ, ಒಬ್ಬ ಮನುಷ್ಯ. ವಸಂತ ಬಂದ್ಮೇಲೆ ವಾಪಸ್ ತಗೊಳ್ಳಿ ಅಂತೀನಿ."

ಮತ್ತೆ ತಾವಾಗಿಯೇ ಹೇಳುತ್ತಾರೆ: "ನನ್ ಗಂಡ ಬಿಟ್ ಹೋದ ವರ್ಷ ನಂದೂ ಆರಿನ್ ಕಪಾಟಲ್ಲೇ ಇತ್ತು. ಬರ್ಕೊಳ್ಳಿ, ಪರವಾಗಿಲ್ಲ."

ನಾನು ಬರೆದುಕೊಳ್ಳುತ್ತೇನೆ. ಆ ಕಪಾಟಿನ ಹೆಸರಿಲ್ಲದ ಚೀಟಿಗಳು ಕಣ್ಣಮುಂದೆ ಬರುತ್ತವೆ. ಅಲ್ಲಿ ಕೊಳೆ ಆದ ಬಂದೂಕು ಒಂದೂ ಇರಲಿಲ್ಲ ಎಂಬುದು ಈಗ ಅರ್ಥವಾಗುತ್ತದೆ.

"ಜನ ನಿಮಗೆ ನಿಜ ಹೇಳ್ತಾರಾ?"

"ನಂಗೆ ಜಾಸ್ತಿ ಗುಮಾನಿ ನಿಜ ಹೇಳೋರ ಮೇಲೇನೇ," ಎನ್ನುತ್ತಾರೆ. ನಾನು ಹುಬ್ಬೇರಿಸುತ್ತೇನೆ. "ಎಂಟು ವರ್ಷದ ಹಿಂದೆ ಒಬ್ರು. ಇಲ್ಲಿಯೋರಲ್ಲ. ಅವ್ರ ಅಕ್ಕ ಇದನ್ನ ಎಲ್ರಿಗೂ ಹೇಳಿ ಅಂದಿದಾರೆ, ಅದಕ್ಕೆ ಹೇಳ್ತಿದೀನಿ. ಮನೇಲಿ ಬಂದೂಕ ಇದೆಯಾ ಅಂತ ಕೇಳ್ದೆ. ಎಲ್ಲ ಅಕ್ಕನ ಮನೆಗೆ ಕೊಟ್ಟೆ, ಒಂದೂ ಇಲ್ಲ ಅಂದ್ರು. ಅಕ್ಕನೂ ಹೌದು ಅಂದ್ರು. ಅದು ನಿಜವೇ. ಮನೇಲಿ ಇರ್ಲಿಲ್ಲ."

ಗಾಜಿನ ಹಿಮವನ್ನು ಮತ್ತೊಮ್ಮೆ ಕಾರ್ಡಿನಿಂದ ಕೆರೆದು ಮುಂದುವರಿಸುತ್ತಾರೆ.

"ಪಿಕಪ್‌ನಲ್ಲಿ ಇತ್ತು. ಅವ್ರನ್ನ ಕಳ್ಕೊಂಡ್ವಿ. ಅವ್ರು ಸುಳ್ಳು ಹೇಳ್ಲಿಲ್ಲ. ನಾನ್ ಕೇಳಿದ್ದಕ್ಕೆ ಉತ್ರ ಕೊಟ್ರು. ನಾನೇ ಸರಿಯಾಗಿ ಕೇಳ್ಲಿಲ್ಲ. ಪಿಕಪ್‌ನಲ್ಲಿರೋದನ್ನ ಇಲ್ಲಿ ಯಾರೂ ಬಂದೂಕ ಅಂತ ಲೆಕ್ಕಕ್ಕೇ ಹಿಡಿಯಲ್ಲ. ಜ್ಯಾಕು, ಸಲಿಕೆ ಇದ್ದ ಹಾಗೆ ಅದು. ಇಲ್ಲೇ ಹುಟ್ಟಿ ಬೆಳ್ದೋಳು ನಾನು, ನಂಗೆ ಹೊಳೀಬೇಕಿತ್ತು."

ಅಂದಿನಿಂದ ಅವರು 'ಮನೆಯಲ್ಲಿ ಇದೆಯೇ' ಎಂದು ಕೇಳುವುದನ್ನು ಬಿಟ್ಟಿದ್ದಾರೆ. ಜಾಗ ಜಾಗ ಹಿಡಿದು ಕೇಳುತ್ತಾರೆ: ಮಲಗುವ ಕೋಣೆ, ನೆಲಮಾಳಿಗೆ, ಕೊಟ್ಟಿಗೆ, ಟ್ರ್ಯಾಕ್ಟರು, ಪಿಕಪ್ಪಿನ ಸೀಟಿನ ಹಿಂದೆ. ಜನ ರೇಗುತ್ತಾರೆ, ಇದೇನು ಪೊಲೀಸ್ ತನಿಖೆಯೇ ಎನ್ನುತ್ತಾರೆ. ಅವರು ಬೈಸಿಕೊಂಡು ಮುಂದಿನ ಜಾಗ ಕೇಳುತ್ತಾರೆ.

ಹತ್ತೊಂಬತ್ತನೇ ಮೈಲಿಯ ಹತ್ತಿರ ಪೂರ್ವದಲ್ಲಿ ಒಂದು ಗೆರೆ ಬೆಳಕು. ರೋವೀನಾ ಲೋಕಾಭಿರಾಮವಾಗಿ ಕೇಳುತ್ತಾರೆ: "ನಿಮ್ಮನ್ನ ಗೇಟ್ ಹತ್ರ ಹೆಂಡ್ತಿ ಬಿಟ್ ಹೋದ್ರಾ?"

"ಇಲ್ಲ. ಕುರಿಗೆ ಮೇವು ಹಾಕಿ, ಗಾಡಿ ವೆಂಡೆಲ್ ಅಂಗಳದಲ್ಲೇ ಬಿಟ್ಟು, ಗೇಟಿನವರ್ಗೂ ನಡ್ಕೊಂಡ್ ಬಂದೆ."

ಅವರು ಆಕ್ಸಿಲರೇಟರಿನಿಂದ ಕಾಲು ತೆಗೆಯುತ್ತಾರೆ. "ಗಾಡೀಲಿ ಏನೇನಿದೆ?"

"ಏನಿರತ್ತೆ? ಜ್ಯಾಕು, ಚೈನು, ಸಲಿಕೆ, ನಾಯಿ ಕಂಬ್ಳಿ."

"ಸೀಟಿನ ಹಿಂದೆ?"

"ಓ ಅದಾ. ಅದು ನರಿ ಬಂದ್ರೆ ಇರ್ಲಿ ಅಂತ…"

ಈಗ ತಾನೇ ಆ ಕಥೆ ಕೇಳಿದ್ದೇನೆ, ನಾಲ್ಕು ಸಾಲು ಬರೆದೂ ಕೊಂಡಿದ್ದೇನೆ. ಆದರೂ ಹೊಳೆದಿರಲಿಲ್ಲ. ನನ್ನ ಗಾಡಿಗೆ ನಾನು ಬೀಗ ಹಾಕುವವನಲ್ಲ, ನಮ್ಮಲ್ಲಿ ಯಾರೂ ಹಾಕುವುದಿಲ್ಲ.

ರೋವೀನಾ ಬ್ರೇಕು ಒತ್ತುತ್ತಾರೆ. ರಸ್ತೆ ಅಗಲವಾದ ಕಡೆ ಕಾರನ್ನು ಸುತ್ತು ತಿರುಗಿಸುತ್ತಾರೆ.

"ಯಾಕ್ ತಿರುಗಿಸಿದ್ರಿ?"

"ಥರ್ಮಾಸ್ ಮನೇಲೇ ಮರ್ತು ಬಂದೆ."

ಥರ್ಮಾಸು ನಮ್ಮಿಬ್ಬರ ನಡುವೆಯೇ ಇದೆ. ಅದರ ಮುಚ್ಚಳದಲ್ಲಿ ನನ್ನ ಕಾಫಿ ಅಲುಗಾಡುತ್ತಿದೆ. ನಾನು ಅದನ್ನು ನೋಡುತ್ತೇನೆ, ಅವರನ್ನು ನೋಡುತ್ತೇನೆ. ಅವರು ರಸ್ತೆಯನ್ನೇ ನೋಡುತ್ತಿದ್ದಾರೆ. ಐವತ್ತು ದಾಟದ ಸುಬಾರು ಈಗ ಎಂಬತ್ತರಲ್ಲಿ ಓಡುತ್ತಿದೆ. ಫೋನು ತೆಗೆದೆ, ಆ ತಗ್ಗಿನಲ್ಲಿ ಸಿಗ್ನಲ್ ಇಲ್ಲ. ದಿಬ್ಬ ಹತ್ತಿದ ಮೇಲೆ ವೆಂಡೆಲ್‌ನ ಮನೆಯ ಫೋನು ಹದಿನಾಲ್ಕು ಸಲ ರಿಂಗಾಯಿತು. ಯಾರೂ ಎತ್ತಲಿಲ್ಲ. ಅರವತ್ತೊಂದು ವರ್ಷದ ಬದುಕಿನಲ್ಲಿ ನಾನು ಅಷ್ಟು ಹೆದರಿದ್ದಿಲ್ಲ.

ಅಂಗಳದಲ್ಲಿ ನನ್ನ ಪಿಕಪ್ಪಿನ ಬಾಗಿಲು ತೆರೆದಿದೆ. ಡ್ರೈವರ್ ಸೀಟಿನಲ್ಲಿ ವೆಂಡೆಲ್ ಕೂತಿದ್ದಾನೆ. ತಲೆಗೆ ಮಾವಿಸ್ ಹೆಣೆದ ಟೋಪಿ, ಎರಡೂ ಕೈ ಮೊಣಕಾಲ ಮೇಲೆ. ನಾನು ಓಡಿದೆನೋ ಜಾರಿದೆನೋ ನೆನಪಿಲ್ಲ. ರೋವೀನಾ ಕಾರಿನಿಂದ ಇಳಿಯುವುದಿಲ್ಲ. ಕಾರನ್ನು ದೊಡ್ಡಿಯ ಬಳಿ ನಿಲ್ಲಿಸಿ ಕುರಿಗಳತ್ತ ಮುಖ ಮಾಡಿಕೊಂಡು, ಅಂಗಡಿಯಲ್ಲಿ ಆಲೂಗಡ್ಡೆ ಆರಿಸುವವರ ಹಾಗೆ ಕೂತಿದ್ದಾರೆ.

"ಸೀಟಿನ ಹಿಂದಿರೋದನ್ನ ತಗೊಂಡ್ ಹೋಗೋ ಲೈಲ್," ಎನ್ನುತ್ತಾನೆ ವೆಂಡೆಲ್, ಕುಳಿರಿಗೆ ತುಟಿ ನೀಲಿ. "ಮನೇದೆಲ್ಲ ಹೊರ್ಗೆ ಹೋಗಿ ಮೂರು ವಾರ ಆಯ್ತು. ನಿಂದು ಮಾತ್ರ ದಿನಾ ಬೆಳಿಗ್ಗೆ ಬರ್ತಾನೇ ಇದೆ. ಕಿಟಕೀಲಿ ಕೂತು ನೋಡ್ತಿರ್ತೀನಿ. ಇವತ್ತು ನೀನು ಗಾಡಿ ಬಿಟ್ಟೇ ಹೋದೆ."

"ಮೊದ್ಲೇ ಹೇಳ್ಬಾರ್ದೇನೋ ಮಾರಾಯ."

"ಹೇಳಿದ್ರೆ ನಾಚ್ಕೊಂಡು ನೀನು ಬರೋದೇ ನಿಲ್ಲಿಸ್ಬಿಡ್ತೀಯ ಅನ್ಕೊಂಡೆ."

ನಾನು ಅತ್ತೆ. ಇದನ್ನು ಬರೆಯಲು ನನಗೇನೂ ಸಂಕೋಚವಿಲ್ಲ. ಮೇವು ಹಾಕಿ ಗೆಳೆಯನನ್ನು ಕಾಯುತ್ತಿದ್ದೇನೆಂದು ಬೀಗುತ್ತಿದ್ದವನು ನಾನು. ಊರೆಲ್ಲರ ಮೇಲೆ ಗುಮಾನಿಪಟ್ಟೆ, ನನ್ನ ಗಾಡಿಯೊಂದನ್ನು ಬಿಟ್ಟು.

ಅದೇ ಬೆಳಿಗ್ಗೆ, ವೆಂಡೆಲ್‌ನ ಜೊತೆ ಕೂರಲು ಅವನ ಭಾವಮೈದುನ ಬಂದ ಮೇಲೆ, ಬಂದೂಕನ್ನು ಆರಿನ್‌ನ ಅಂಗಡಿಗೆ ಒಯ್ದೆ. ಅವನು ಏನೂ ಕೇಳಲಿಲ್ಲ. ಚೀಟಿ ಕಟ್ಟಿ ಕಪಾಟಿನಲ್ಲಿ ನಿಲ್ಲಿಸಿದ.

"ಬಾಳ ಕೊಳೆ," ಎಂದೆ ನಾನೇ.

"ಗೊತ್ತಾಗತ್ತೆ," ಎಂದ.

ರೋವೀನಾ ಆ ಮಂಗಳವಾರ ಕೋಲ್ ಬ್ಯಾಂಕ್ಸ್ ತಲುಪಿದ್ದು ಒಂದೂವರೆ ಗಂಟೆ ತಡವಾಗಿ. ಏಳು ಜನರಲ್ಲಿ ಒಬ್ಬರೂ ಎದ್ದು ಹೋಗಿರಲಿಲ್ಲವಂತೆ. ಮೇವಿನ ಚೀಲಗಳ ಮೇಲೆ ಸಾಲಾಗಿ, ಒಬ್ಬರ ಮುಖ ಒಬ್ಬರು ನೋಡದೆ ಕೂತಿದ್ದರಂತೆ.

ಈಗ ಏಪ್ರಿಲ್. ಕುರಿಗಳು ಮರಿ ಹಾಕುವ ಕಾಲ. ವೆಂಡೆಲ್ ಮೊಣಕೈವರೆಗೆ ಕೊಳೆ ಮಾಡಿಕೊಂಡು ದೊಡ್ಡಿಯಲ್ಲಿ ನಿಂತು ಈ ಲೇಖನವನ್ನು ಓದಿದ. 'ಪಾಪದ ವೆಂಡೆಲ್' ಎಂದು ಒಂದು ಕಡೆ ಬರೆದಿದ್ದೆ, 'ಪಾಪದ' ಎಂಬುದನ್ನು ಹೊಡೆದುಹಾಕಿ, ಹೆಸರು ಇರಲಿ ಎಂದ. ತಾನು ಯಾರ ಬಳಿ ಹೋಗಿ ಮಾತಾಡುತ್ತಿದ್ದೆ ಎಂಬುದನ್ನೂ ಬರೆ ಎಂದು ಕೆಳಗೆ ಸಹಿ ಹಾಕಿಕೊಟ್ಟ. ಅಜ್ಜನ ಕಾಲದ ಎರಡು ಬಂದೂಕುಗಳು ಇನ್ನೂ ಆರಿನ್ ಬಳಿಯೇ ಇವೆ. ಅವಸರವೇನಿಲ್ಲವಂತೆ.

ಅದೇ ಪ್ರತಿಯನ್ನು ರೋವೀನಾಗೂ ತೋರಿಸುತ್ತೇನೆ. ವೆಂಡೆಲ್‌ನ ಸಹಿ ಇದೆ, ಇನ್ನು ಮುಚ್ಚುಮರೆ ಏಕೆ ಎನ್ನುತ್ತೇನೆ. ಅವರು ಓದಿ, ಮಡಿಸಿ, ವಾಪಸು ಕೊಡುತ್ತಾರೆ. ನಿಮಗೇನಾದರೂ ಆಸೆ ಇದ್ದರೆ ಓದುಗರಿಗೆ ಹೇಳಿ ಎನ್ನುತ್ತೇನೆ.

"ಮೇವಿನಂಗಡಿ ಮೆಟ್ಲಿಗೆ ಕೈ ಹಿಡ್ಕೊಳ್ಳೋಕೆ ಒಂದು ಕಂಬಿ ಹಾಕಿಸ್ಕೊಟ್ರೆ ಸಾಕು. ಚಳಿಗಾಲದಲ್ಲಿ ವಯಸ್ಸಾದೋರು ಜಾರ್ತಾರೆ."

"ಅಷ್ಟೇನಾ? ಈಗಲಾದ್ರೂ ಹೇಳಿ, ಅವತ್ತು ಯಾಕೆ ಗಾಡಿ ತಿರುಗಿಸಿದ್ರಿ?"

ರೋವೀನಾ ಕಾರಿನ ಬಾಗಿಲನ್ನು ಜೋರಾಗಿ ಎಳೆದುಕೊಳ್ಳುತ್ತಾರೆ, ಕಿಟಕಿಯ ಗಾಜು ಇಳಿಸುತ್ತಾರೆ.

"ಹೇಳಿದ್ನಲ್ಲ ಲೈಲ್. ಥರ್ಮಾಸ್ ಮರ್ತಿದ್ದೆ."