ಮಳೆ ಬಂದರೆ ಮಾತ್ರ ಹಾಡು

ಮಳೆಗಾಲದಲ್ಲಿ ಕೇಳಲು ಯಾವ ಸಂಗೀತ ಚೆನ್ನ ಎಂದು ಗೆಳೆಯರು ಚರ್ಚೆಗೆ ಕೂತರೆ ನನ್ನ ಮನಸ್ಸು ರಾಗಗಳನ್ನೆಲ್ಲ ದಾಟಿ ಒಂದು ತಗಡಿನ ಮಾಡಿನ ಕೆಳಗೆ ಹೋಗಿ ನಿಲ್ಲುತ್ತದೆ. ಕಲೆಕ್ಟರು ಬಿಳಿಯ ದೊರೆಯಾಗಿದ್ದ ಆ ದಿನಗಳಲ್ಲಿ ನಾನು ಮಂಗಳೂರಿನ ಹಂಪನಕಟ್ಟೆಯ ವಕೀಲರೊಬ್ಬರ ಬಳಿ ಗುಮಾಸ್ತ. ತಾಯಿ ಮತ್ತು ಹೊಸದಾಗಿ ಕೈಹಿಡಿದ ಕಲ್ಯಾಣಿಯೊಡನೆ ಸಮೀಪದಲ್ಲೇ ಬಾಡಿಗೆಮನೆ. ನಮ್ಮೂರ ಹಂಚು ಹಡಗು ಹತ್ತಿ ಪರದೇಶದವರ ತಲೆಗೆ ನೆರಳಾಗುತ್ತಿದ್ದಾಗ, ನಮ್ಮ ಮನೆಯ ಧಣಿಗಳು ಮಾತ್ರ ಅಡುಗೆಮನೆಯ ಹಿಂದಿನ ಇಳಿಮಾಡಿಗೆ ತಗಡು ಹೊದಿಸಿ ಉಳಿತಾಯದ ಸುಖ ಕಂಡಿದ್ದರು. ಮಳೆ ಬಿತ್ತೆಂದರೆ ಅದರಡಿಯಲ್ಲಿ ಆಡಿದ ಮಾತು ಆಡಿದವರಿಗೇ ಕೇಳದು.

ಅಮ್ಮನಿಗೆ ಸಂಗೀತದ ಮೇಲೆ ದ್ವೇಷವೇನೂ ಇರಲಿಲ್ಲ, ಭಯವಿತ್ತು. ಆರತಿಯ ಹಾಡು ಸರಿ; ಸೊಸೆ ಕೂತು ರಾಗ ಎಳೆದರೆ ನಾಳೆ ಪೇಟೆಯವರು ನಾಟಕ ಕಂಪೆನಿಯ ಮನೆ ಎಂದಾರು ಎಂಬ ಅಂಜಿಕೆ. ಮದುವೆಯ ಮಾತುಕತೆಯಲ್ಲೇ ಅದನ್ನು ಹೇಳಿದ್ದರು. ತವರಿನಲ್ಲಿ ಅಣ್ಣನಿಗೆಂದು ಬರುತ್ತಿದ್ದ ಸಂಗೀತದ ಮೇಷ್ಟ್ರಿಂದ ಅಣ್ಣನಿಗಿಂತ ಹೆಚ್ಚು ಕಲಿತಿದ್ದ ಕಲ್ಯಾಣಿ ಆಗಲಿ ಎಂದು ತಲೆಯಾಡಿಸಿ ನಮ್ಮ ಮನೆ ತುಂಬಿದ್ದಳು.

ಒಂದು ಸಂಜೆ, ಛತ್ರಿಯನ್ನು ಗಾಳಿಗೆ ದಾನಮಾಡಿ ತೊಯ್ದು ಬಂದವನು ಕಾಲು ತೊಳೆಯಲು ಹಿತ್ತಿಲಿಗೆ ಹೋದೆ. ತಗಡಿನ ಅಬ್ಬರದ ಅಡಿಯಲ್ಲಿ, ಮರುದಿನದ ದೋಸೆಗೆ ಅಕ್ಕಿ ಅರೆಯುತ್ತಾ, ಕಲ್ಯಾಣಿ ಕಂಠ ಬಿಟ್ಟು ಹಾಡುತ್ತಿದ್ದಳು. ಎರಡು ಮೊಳ ದೂರದಲ್ಲಿದ್ದ ನನಗೆ ಮಾತ್ರ ಕೇಳುವಷ್ಟು. ನನ್ನನ್ನು ಕಂಡೂ ನಿಲ್ಲಿಸಲಿಲ್ಲ. ಅತ್ತೆಗೆ ಹೇಳಬೇಡಿ ಎಂದು ಕಣ್ಣಿನಲ್ಲೇ ಕೇಳಿಕೊಂಡಳು. ಅಂದಿನಿಂದ ಕಚೇರಿಯಲ್ಲಿ ಎಲ್ಲರೂ ಮಳೆಯನ್ನು ಬಯ್ಯುವಾಗ ನಾನೊಬ್ಬ ಕಿಟಕಿಯಾಚೆಯ ಮೋಡಗಳ ಯೋಗಕ್ಷೇಮ ವಿಚಾರಿಸುತ್ತಿದ್ದೆ.

ಆದರೆ ಮಿತ್ರರೇ, ಮಳೆಯನ್ನು ನಂಬಿ ಗುಟ್ಟು ಇಟ್ಟುಕೊಳ್ಳಬಾರದು. ಆಷಾಢದ ಒಂದು ಭಾನುವಾರ ಮಧ್ಯಾಹ್ನ ಅಮ್ಮ ಚಾವಡಿಯಲ್ಲಿ ಬತ್ತಿ ಹೊಸೆಯುತ್ತಿದ್ದರು, ನಾನು ಪಕ್ಕದಲ್ಲಿ ಪತ್ರಿಕೆ ಹಿಡಿದಿದ್ದೆ. ಧೋ ಎನ್ನುತ್ತಿದ್ದ ಮಳೆ ಒಮ್ಮೆಲೇ ನಿಂತುಬಿಟ್ಟಿತು. ಹಾಡು ನಿಲ್ಲಲಿಲ್ಲ. ಮೇಲಿನ ಷಡ್ಜದಲ್ಲಿದ್ದ ಆ ದನಿ ಮನೆ, ಅಂಗಳ, ಪಾಗಾರದ ಗೋಡೆಗಳನ್ನು ದಾಟಿ ಬೀದಿಗೆ ಹೋದ ಮೇಲೆಯೇ ಕಲ್ಯಾಣಿಗೆ ಅರಿವಾದದ್ದು. ಆಮೇಲೆ ಸೂರಿನ ಹನಿಗಳ ಸದ್ದು ಮಾತ್ರ.

ಅಮ್ಮ ಎದ್ದು ಒಳಗೆ ಹೋದರು. ನಾನೂ ಹಿಂದೆಯೇ ಹೋದೆ. ಕಲ್ಯಾಣಿ ಹಿಟ್ಟು ಮೆತ್ತಿದ ಕೈಯಲ್ಲಿ ಎದ್ದು ನಿಂತಿದ್ದಳು.

“ಯಾವಾಗಿನಿಂದ ಉಂಟು ಇದು?” ಅಮ್ಮ ಕೇಳಿದರು.

“ಮಳೆ ಶುರುವಾದಂದಿನಿಂದ, ಅತ್ತೆ.”

ಅಮ್ಮ ನನ್ನತ್ತ ತಿರುಗಿದರು. “ನಿನಗೆ ಗೊತ್ತಿತ್ತಾ?”

“ಸ್ವಲ್ಪ,” ಎಂದೆ.

“ಸ್ವಲ್ಪ ಗೊತ್ತು ಅಂದರೆ ಎಂತ?”

ನನ್ನನ್ನು ಪಾರುಮಾಡಲೆಂಬಂತೆ ಪಾಗಾರದಾಚೆ ನೆರೆಮನೆಯ ಸೆರಾಫಿನ್ ಬಾಯಿಯ ತಲೆ ಮೂಡಿತು. ‘ಬಾಯಿ’ ಎಂಬುದು ನಮ್ಮಲ್ಲಿ ಕ್ರೈಸ್ತ ಗೃಹಿಣಿಯರಿಗೆ ಸಲ್ಲುವ ಗೌರವ. ಇವರಲ್ಲಿ ಅದು ವರ್ಣನೆಯೂ ಆಗಿತ್ತು.

“ಅಮ್ಮ, ಹಾಡು ಯಾಕೆ ನಿಂತದ್ದು? ಇಗರ್ಜಿಯಲ್ಲಿ ನಾವು ಇಷ್ಟು ಜನ ಸೇರಿ ಹಾಡಿದರೂ ಹೀಗೆ ಬರುವುದಿಲ್ಲ. ನಮ್ಮ ಯಜಮಾನರು ಊಟದ ಕೈ ತೊಳೆಯದೆ ಕೂತಿದ್ದಾರೆ.”

ಪೇಟೆಯವರು ಏನೆಂದಾರು ಎಂಬ ಅಮ್ಮನ ಬಹುಕಾಲದ ಪ್ರಶ್ನೆಗೆ ಪೇಟೆ ಹೀಗೆ ಉತ್ತರ ಕೊಟ್ಟಿತು. ಅಮ್ಮ ಸೆರಗಿನ ತುದಿಯನ್ನೇ ಬತ್ತಿಯಂತೆ ಹೊಸೆದರು. ಸೋಲೊಪ್ಪುವುದು ಅವರ ಜಾಯಮಾನವಲ್ಲ; ತೀರ್ಪು ಕೊಟ್ಟರು.

“ಮಳೆ ಬಂದರೆ ಮಾತ್ರ ಹಾಡು. ಬಿಸಿಲಿಗೆ ಬೇಡ.”

ಮಂಗಳೂರಿನಲ್ಲಿ ಈ ಕಟ್ಟಳೆ ಎಷ್ಟು ಉದಾರವೆಂಬುದು ಇಲ್ಲಿ ಆಷಾಢದಲ್ಲಿ ಬಟ್ಟೆ ಒಣಹಾಕಿದವರಿಗೆ ಗೊತ್ತು. ನವರಾತ್ರಿಯವರೆಗೂ ನಮ್ಮ ಮನೆಯಲ್ಲಿ ಹಾಡು ಹರಿಯಿತು. ಇಳಿಮಾಡಿನ ಹತ್ತಿರ ಬೆಳಕು ಚೆನ್ನಾಗಿದೆಯೆಂದು ಅಮ್ಮ ತಮ್ಮ ಹತ್ತಿಯ ಬುಟ್ಟಿಯನ್ನು ಅಲ್ಲಿಗೇ ಒಯ್ದರು. ಕಾರ್ಮೋಡದ ಕತ್ತಲೆಯಲ್ಲಿ ಅವರಿಗೆ ಯಾವ ಬೆಳಕು ಕಂಡಿತೋ ನಾನು ಕೇಳಲಿಲ್ಲ. ಆಮೇಲೆ ಮಳೆ ಹೋಯಿತು. ಕಲ್ಯಾಣಿ ಈ ಸಲ ಮಾತಿಗೆ ತಪ್ಪಲಿಲ್ಲ, ಮೌನವಾಗಿ ಅಕ್ಕಿ ಅರೆದಳು. ಚಡಪಡಿಸಿದವರು ಅಮ್ಮ. ಬತ್ತಿಗಳು ಓರೆಕೋರೆಯಾಗತೊಡಗಿದವು.

ಚೈತ್ರದ ಒಂದು ಮಧ್ಯಾಹ್ನ, ಅಂಗಳದ ಚಾಪೆಯ ಮೇಲೆ ಹಲಸಿನ ಹಪ್ಪಳ ಒಣಗುತ್ತಿತ್ತು. ಕಾಗೆಯೂ ನೆರಳು ಹುಡುಕುವ ಬಿಸಿಲು. ಅಮ್ಮ ಬಾಗಿಲಲ್ಲಿ ನಿಂತು ಆಕಾಶ ನೋಡಿದರು.

“ಕಲ್ಯಾಣಿ, ಮೋಡ ಆಗಿದೆ.”

“ಎಲ್ಲಿ ಅತ್ತೆ? ಕಾಣುವುದಿಲ್ಲವಲ್ಲ.”

“ಕದ್ರಿ ಗುಡ್ಡದ ಹಿಂದೆ ಉಂಟು. ಈಗ ಬರ್ತದೆ ಮಳೆ.”

ಕಲ್ಯಾಣಿ ಆಕಾಶ ನೋಡಿದಳು, ಅತ್ತೆಯ ಮುಖ ನೋಡಿದಳು, ಅರೆಯುವ ಕಲ್ಲಿನ ಮುಂದೆ ಕೂತು ಶುರುಮಾಡಿದಳು. ಅಮ್ಮ ಗೋಡೆಗೆ ಒರಗಿ ಕಾಲು ನೀಡಿ ಕೂತರು. ಹಪ್ಪಳ ಒಳಗೆ ತರಲು ಅವರು ಯಾರಿಗೂ ಹೇಳಲಿಲ್ಲ.