ವೀರಗಲ್ಲಿನ ಮುಂದೆ ಕುಂಕುಮ

ಪಕ್ಕದ ಮನೆಯ ಮಾವನ ಪಂಚೆಯ ಮೇಲೆ, ಬಲ ಮೊಣಕಾಲಿನ ಹತ್ತಿರ, ದುಂಡನೆಯ ಕೆಮ್ಮಣ್ಣಿನ ಕಲೆಯೊಂದು ಸದಾ ಇರುತ್ತಿತ್ತು. ಮಕ್ಕಳು ತೋಡಿದ ಗುಂಡಿಗಳನ್ನು ಮಂಡಿಯೂರಿ ಮುಚ್ಚಿ ಮುಚ್ಚಿ ಕೂತ ಕಲೆ ಅದು. ತೋಡುವುದು ಯಾರಿಗಾದರೂ ಬರುತ್ತದೆ, ಮುಚ್ಚುವುದನ್ನು ಕಲಿಸಬೇಕು ಎನ್ನುತ್ತಿದ್ದರು.

ದೇವನಹಳ್ಳಿ ಕಡೆಯ ಹೋಟೆಲೊಂದರಲ್ಲಿ ಸೆಕ್ಯುರಿಟಿ ಕೆಲಸ ಮಾಡಿ ನಿವೃತ್ತರಾದವರು. ಬಂದವರ ಬ್ಯಾಗು, ಬೆಲ್ಟು ತಡಕಿ ಸಾಕಾಗಿತ್ತೋ ಏನೋ, ನೆಲದೊಳಗಿನ ಲೋಹ ಪತ್ತೆ ಮಾಡುವ ಮೆಟಲ್ ಡಿಟೆಕ್ಟರ್ ತರಿಸಿಕೊಂಡರು. ಭಾನುವಾರ ಬಂದರೆ ನನ್ನ ಮಗಳೂ ಸೇರಿ ಬೀದಿಯ ಮಕ್ಕಳೆಲ್ಲ ಅವರ ಹಿಂದೆ. ಹೊಲದವರನ್ನು ಕೇಳದೆ ಬದು ದಾಟಲು ಬಿಡುತ್ತಿರಲಿಲ್ಲ. ಎತ್ತಿನ ಲಾಳವೋ ಸೋಡಾ ಮುಚ್ಚಳವೋ ಸಿಕ್ಕರೆ ಮಕ್ಕಳು ಕುಣಿಯುತ್ತಿದ್ದರು, ಜೊತೆಗೆ ಇವರೂ.

"ಹಳೇ ಸಾಮಾನು ಅನ್ನಿಸಿದ್ರೆ ಕೈ ಹಾಕ್ಬೇಡಿ ಕಣ್ರೋ. ಗುರುತು ಹಾಕಿ, ತಾಲ್ಲೂಕಾಫೀಸಿಗೆ ಹೇಳಾಣ. ಗುಡಿ, ವೀರಗಲ್ಲು ಇರೋ ಕಡೆ ಅಂತೂ ಗುದ್ಲಿ ಎತ್ತಂಗೇ ಇಲ್ಲ."

ನಮ್ಮೂರ ಕೆರೆ ಏರಿಯ ಕೆಳಗೊಂದು ವೀರಗಲ್ಲಿದೆ. ಒಂದು ಸಂಜೆ ನಾನು ಗುಡಿಯಿಂದ ಬರುತ್ತಿದ್ದೆ. ಉಳಿದ ಮಕ್ಕಳು ಮನೆಗೆ ಓಡಿದ್ದರು. ಮಗಳೂ ಮಾವನೂ ಏರಿಯ ದಾರಿಯಲ್ಲಿ ಸಿಕ್ಕರು. ಅವಳ ಕೈಯಲ್ಲಿದ್ದ ಯಂತ್ರ ಆ ಕಲ್ಲಿನ ಮುಂದೆ ಕಿರುಚಿಕೊಂಡಿತು. ಮಾವ ತಕ್ಷಣ ಆರಿಸಿದರು. ಗುರುತಿಗೆಂದು ತರುತ್ತಿದ್ದ ರಂಗೋಲಿ ಪುಡಿ ಮುಗಿದಿತ್ತು. ನಾನು ದೊಡ್ಡ ಜಾಣೆ, ಪ್ರಸಾದದ ಕುಂಕುಮದ ಪೊಟ್ಟಣ ಬಿಚ್ಚಿ ನೆಲದ ಮೇಲೆ ದುಂಡಗೆ ಉದುರಿಸಿದೆ.

"ಚೆನ್ನಾಗಿ ಕಾಣ್ತದೆ ಬಿಡಮ್ಮ," ಎಂದು ಮಾವ ನಕ್ಕರು. ಅದು ಯಾರ ಕಣ್ಣಿಗೆ ಹೇಗೆ ಕಾಣುತ್ತದೆಂದು ಇಬ್ಬರಿಗೂ ಹೊಳೆಯಲಿಲ್ಲ.

ಪಕ್ಕದೂರಿನಲ್ಲಿ ನಿಧಿ ಆಸೆಗೆ ಯಾರೋ ಗುಡಿಯನ್ನೇ ಅಗೆದು ಹಾಕಿದ್ದರು. ಆ ಸಿಟ್ಟು ಇನ್ನೂ ಆರಿರಲಿಲ್ಲ. ಬೆಳಿಗ್ಗೆ ವೀರಗಲ್ಲಿನ ಮುಂದೆ ಕುಂಕುಮ ಕಂಡ ಜನ ನಿಧಿಪೂಜೆ ಎಂದುಕೊಂಡು ನೇರ ಮಾವನ ಮನೆಗೆ ಬಂದರು.

"ಮಕ್ಕಳ ನೆಪದಲ್ಲಿ ನಿಧಿ ಹುಡುಕ್ತಿದ್ರಾ ಯಜಮಾನ್ರೇ?"

"ಒಂದು ಹಿಡಿ ಮಣ್ಣು ಎತ್ತಿಲ್ಲ, ಬಂದು ನೋಡ್ರಪ್ಪಾ," ಎಂದರು ಮಾವ.

"ಮತ್ತೆ ಕುಂಕುಮ ಇಟ್ಟೋರ್ಯಾರು?"

ಮಾವ ಬಾಯಿ ಬಿಡಲಿಲ್ಲ. ನಾನು ನಮ್ಮ ಬಾಗಿಲಲ್ಲೇ ನಿಂತಿದ್ದೆ. ಈ ಮನೆಯ ಸೊಸೆ ಮಾಟ ಮಾಡಿಸಿದಳು ಎಂದುಬಿಟ್ಟರೆ ಊರಲ್ಲಿ ತಲೆ ಎತ್ತುವುದು ಹೇಗೆ? ಹೆದರಿ ಸುಮ್ಮನಾದೆ. ಅವರು ಒಮ್ಮೆ ನನ್ನ ಕಡೆ ನೋಡಿದ್ದರೆ ಹೇಳಿಬಿಡುತ್ತಿದ್ದೆ ಎಂದು ಈಗಲೂ ನನಗೆ ನಾನೇ ಸುಳ್ಳು ಹೇಳಿಕೊಳ್ಳುತ್ತೇನೆ.

ಆಮೇಲೆ ಅವರ ಜೊತೆ ಯಾರೂ ಮಕ್ಕಳನ್ನು ಕಳಿಸಲಿಲ್ಲ. ನಾನೂ ಕಳಿಸಲಿಲ್ಲ, ನೋಡಿ ನನ್ನ ಯೋಗ್ಯತೆ. ಯಂತ್ರ ಅಟ್ಟ ಸೇರಿತು. ಕೊನೆಗೊಂದು ದಿನ ತಡೆಯಲಾಗದೆ ಅವರ ಹತ್ತಿರ ಹೋಗಿ ಅತ್ತುಬಿಟ್ಟೆ.

"ನೀನು ಇಲ್ಲೇ ಬಾಳಬೇಕಾದೋಳು ಕಣಮ್ಮ. ಊರೋರು ಏನಾರಾ ಅಂದ್ಕೊಳ್ಳಿ. ಮಕ್ಳು ಮಾತ್ರ ನನ್ನ ಕಳ್ಳ ಅಂದ್ಕೊಳ್ದಂಗೆ ನೋಡ್ಕೋ, ಅಷ್ಟು ಸಾಕು."

ಹೂಂ ಎಂದೆ. ಮಕ್ಕಳಿಗೆ ಹೇಳಿದರೆ ಮನೆಮನೆಗೂ ಹೋಗುತ್ತದೆಂದು ಇವತ್ತು ನಾಳೆ ಅನ್ನುತ್ತಲೇ ದಿನ ತಳ್ಳಿದೆ. ಹೋದ ಕಾರ್ತಿಕದಲ್ಲಿ ಮಾವ ತೀರಿಕೊಂಡರು.

ಅಂಗಳದಲ್ಲಿ ಮಲಗಿಸಿದ್ದರು. ಕಾಲಿಗೆ ಬೀಳಲು ಬಗ್ಗಿದೆ. ಪಕ್ಕದಲ್ಲಿ ಮಗಳು ನನ್ನ ಸೆರಗು ಜಗ್ಗಿ, ಕಿವಿಯ ಹತ್ತಿರ ಬಂದು ಪಿಸುಗುಟ್ಟಿದಳು: "ಕುಂಕುಮ ಇಟ್ಟಿದ್ದು ನೀನು ಅಂತ ನಾನು ಯಾರ್ಗೂ ಹೇಳಿಲ್ಲಮ್ಮ."

ಹೇಳಬೇಡ ಎಂದು ನಾನು ಅವಳಿಗೆ ಯಾವತ್ತೂ ಹೇಳಿರಲಿಲ್ಲ. ನನ್ನನ್ನು ನೋಡಿಯೇ ಕಲಿತಿದ್ದಳು.